ಓಟಿಪಿ ಯಾರ ಫೋನಿಗೆ ಬರುತ್ತದೆ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಹತ್ತಿರದ ಒಂದು ಮಹಿಳಾ ಸಂಘದ ಕಾರ್ಯದರ್ಶಿ. ಪ್ರತಿ ವರ್ಷ ಮಾರ್ಚ್ 8ಕ್ಕೆ ಮಹಿಳಾ ದಿನಾಚರಣೆ ಮಾಡುತ್ತೇವೆ. ರಂಗೋಲಿ, ಸಂಗೀತ ಕುರ್ಚಿ, ಒಬ್ಬ ಅತಿಥಿಯ ಭಾಷಣ, ಕೊನೆಗೆ ಪಾಯಸ. ಈ ಸಲ ‘ಮಹಿಳೆ ಮತ್ತು ತಂತ್ರಜ್ಞಾನ’ ಅಂತ ವಿಷಯ ಇಟ್ಟುಕೊಂಡಿದ್ದೇವೆ. ಆದರೆ ನನಗೊಂದು ಅನುಮಾನ. ನಮ್ಮ ಊರಲ್ಲಿ ಕಂಪ್ಯೂಟರ್ ಓದಿದ ಹುಡುಗಿಯರಿಗೇನೂ ಕಮ್ಮಿ ಇಲ್ಲ. ಬಿಸಿಎ, ಬಿಟೆಕ್ ಮಾಡಿದವರು ಬೇಕಾದಷ್ಟಿದ್ದಾರೆ. ಐದಾರು ವರ್ಷ ಕಳೆದು ನೋಡಿದರೆ ಹೆಚ್ಚಿನವರು ಮನೆಯಲ್ಲೇ. ಹಾಗಿರುವಾಗ ‘ಹೆಣ್ಣುಮಕ್ಕಳೇ, ತಂತ್ರಜ್ಞಾನಕ್ಕೆ ಬನ್ನಿ’ ಅಂತ ಭಾಷಣ ಮಾಡಿಸಿ ಏನು ಪ್ರಯೋಜನ? ಇವರಿಗೆ ನಿಜವಾಗಿ ಯಾವ ಹಕ್ಕುಗಳಿವೆ? ಕಾರ್ಯಕ್ರಮದಲ್ಲಿ ಏನು ಮಾಡಿದರೆ ಉಪಯೋಗವಾದೀತು? ಗಂಡಸರನ್ನೂ ಕರೆಯಬೇಕೇ?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ‘ಬನ್ನಿ’ ಎನ್ನುವ ಭಾಷಣ ನಿಮ್ಮ ಊರಿಗೆ ಬೇಡ. ಅವರೆಲ್ಲ ಬಂದಾಗಿದೆ.

ದೇಶದ ಲೆಕ್ಕ ತೆಗೆದರೆ ಎಂಜಿನಿಯರಿಂಗ್ ಓದುವವರಲ್ಲಿ ಹುಡುಗಿಯರು ಮೂರರಲ್ಲಿ ಒಂದು ಪಾಲಿಗಿಂತಲೂ ಕಮ್ಮಿ. ಆದರೆ ಕಾಸರಗೋಡು, ಮಂಗಳೂರು ಕಡೆಯ ಕಂಪ್ಯೂಟರ್ ಸೈನ್ಸ್ ಕ್ಲಾಸುಗಳಿಗೆ ಪಾಠಕ್ಕೆ ಹೋದಾಗ ನನ್ನೆದುರು ಕೂತವರಲ್ಲಿ ಅರ್ಧದಷ್ಟು ಹುಡುಗಿಯರೇ ಇರುತ್ತಾರೆ. ಅಮೆರಿಕದಲ್ಲಿ ನಡೆದದ್ದು ಇದರ ಉಲ್ಟಾ. 1984ರ ಹೊತ್ತಿಗೆ ಅಲ್ಲಿ ಕಂಪ್ಯೂಟರ್ ಸೈನ್ಸ್ ಪದವಿ ಪಡೆದವರಲ್ಲಿ ನೂರಕ್ಕೆ 37 ಮಂದಿ ಹೆಂಗಸರು. ಆಮೇಲೆ ಅದು 20ಕ್ಕಿಂತ ಕೆಳಗೆ ಇಳಿಯಿತು. ಮನೆಗೆ ಬಂದ ಕಂಪ್ಯೂಟರ್ ಗಂಡುಹುಡುಗರ ಆಟದ ಸಾಮಾನು ಆಯಿತು ಎನ್ನುವುದು ಅದಕ್ಕೆ ಹೇಳುವ ಕಾರಣಗಳಲ್ಲಿ ಒಂದು. ನಮ್ಮ ಅಪ್ಪ ಅಮ್ಮಂದಿರ ಲೆಕ್ಕಾಚಾರವೇ ಬೇರೆ. ಸಿವಿಲ್ ತೆಗೆದರೆ ಬಿಸಿಲಲ್ಲಿ ನಿಲ್ಲಬೇಕು. ಮೆಕ್ಯಾನಿಕಲ್ ಆದರೆ ವರ್ಕ್‌ಶಾಪ್. ಕಂಪ್ಯೂಟರ್ ಆದರೆ ನೆರಳಲ್ಲಿ ಕೂತು ಮಾಡುವ ಕೆಲಸ, ಹುಡುಗಿಗೆ ಸೇಫ್. ಸಂಬಂಧ ನೋಡುವಾಗಲೂ ಹೇಳಿಕೊಳ್ಳಲು ಚೆನ್ನಾಗಿರುತ್ತದೆ! ಬಾಗಿಲು ಯಾವ ಕಾರಣಕ್ಕೆ ತೆರೆದರೂ ತೆರೆದಿದೆಯಲ್ಲ, ಅದಕ್ಕೆ ನಾನು ತಕರಾರು ತೆಗೆಯುವುದಿಲ್ಲ. ಒಳಗೆ ಹೋದವರು ಯಾಕೆ ಹೊರಗೆ ಬರುತ್ತಿದ್ದಾರೆ ಎನ್ನುವುದನ್ನು ನೋಡೋಣ.

ನಾನು ಸುಮಾರು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವಳು. ಈಗ, ಕೆಲಸ ಬಿಟ್ಟು ಮತ್ತೆ ಸೇರಲು ಹೊರಟ ಹೆಂಗಸರಿಗೆ ತರಬೇತಿ ಕೊಡುತ್ತೇನೆ. ಕೆಲವು ಕಂಪನಿಗಳಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಗಳಲ್ಲಿ ಹೊರಗಿನ ಸದಸ್ಯೆಯಾಗಿಯೂ ಕೂರುತ್ತೇನೆ. ತರಬೇತಿಯ ಮೊದಲ ದಿನ ಕೋಡಿಂಗ್ ವಿಷಯ ಎತ್ತುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಯಾರದ್ದು? ಕ್ಲಾಸಲ್ಲಿ ಒಂದು ನಗು ಬರುತ್ತದೆ. ಆಮೇಲೆ ಒಬ್ಬೊಬ್ಬರಾಗಿ ಹೇಳುತ್ತಾರೆ. ಅಪ್ಪನದ್ದು. ಅಣ್ಣನದ್ದು. ಇವರದ್ದು.

ಕುಂಬಳೆ ಕಡೆಯ ಒಬ್ಬರ ವಿಷಯ ಹೇಳುತ್ತೇನೆ. ಎಂಸಿಎ ಮಾಡಿದ್ದಾರೆ. ಗಂಡ ದುಬೈಯಲ್ಲಿ. ಮದುವೆಯಾದ ಹೊಸದರಲ್ಲಿ ಆಧಾರ್, ಬ್ಯಾಂಕ್, ಗ್ಯಾಸ್ ಎಲ್ಲದಕ್ಕೂ ಗಂಡನ ಊರಿನ ನಂಬರನ್ನೇ ಕೊಟ್ಟಿದ್ದರು, ಎಲ್ಲ ಒಂದೇ ಕಡೆ ಇರಲಿ ಅಂತ. ಆ ಸಿಮ್ ಈಗ ಗಂಡನ ಜೊತೆ ದುಬೈಯಲ್ಲಿದೆ. ಹಳೇ ಕಂಪನಿಯ ಪಿಎಫ್ ದುಡ್ಡು ಎಷ್ಟಿದೆ ಅಂತ ನೋಡಲು ಇವರು ಇಲ್ಲಿ ಲ್ಯಾಪ್‌ಟಾಪ್ ತೆರೆದು ಕೂತರೆ ಓಟಿಪಿ ಹೋಗಿ ಅಲ್ಲಿ ಬೀಳುತ್ತದೆ. ಅವರು ಡ್ಯೂಟಿಯಲ್ಲಿ, ಫೋನ್ ಲಾಕರಿನಲ್ಲಿ. ಅವರು ಹೊರಗೆ ಬರುವಷ್ಟರಲ್ಲಿ ಓಟಿಪಿಯ ಹೊತ್ತು ಮುಗಿದಿರುತ್ತದೆ. ರಾತ್ರಿ ಇಬ್ಬರೂ ಫೋನಲ್ಲಿ ಕೂತು ಮತ್ತೆ ಶುರು ಮಾಡುವಾಗ ಇಲ್ಲಿ ಮಗು ಎದ್ದು ಅಳುತ್ತದೆ. ಒಂದು ಬ್ಯಾಂಕಿನ ಡೇಟಾಬೇಸ್ ನೋಡಿಕೊಂಡಿದ್ದ ಹೆಂಗಸು ತನ್ನದೇ ದುಡ್ಡು ನೋಡಲು ಹೀಗೆ ಕಾಯಬೇಕು. ಗಂಡ ಕೆಟ್ಟವರೇನಲ್ಲ, ಪಾಪ. ಯಾರೂ ಅಷ್ಟು ಯೋಚನೆ ಮಾಡಿರಲಿಲ್ಲ.

ಇವರ ತಾಯಿ ಬೀಡಿ ಕಟ್ಟಿ ಮಗಳನ್ನು ಓದಿಸಿದವರು. ಆ ತಾಯಿಗೆ ತನ್ನದೇ ಹೆಸರಲ್ಲಿ ಬೀಡಿ ಪಾಸ್‌ಬುಕ್ ಇತ್ತು, ಪಿಎಫ್ ಇತ್ತು. ಅದನ್ನು ತೆಗೆಯಲು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೀರಾ ಎಂದು ಕೇಳಿದ್ದರು. ಹೌದು ಎಂದವರು ದೇಶದಲ್ಲಿ ಹೆಂಗಸರು ನೂರಕ್ಕೆ 33, ಗಂಡಸರು 57. ಕೇರಳದ ಹೆಂಗಸರಲ್ಲಿ ಇದು 61. 2025ರ ಆಗಸ್ಟ್ 21ಕ್ಕೆ ಕೇರಳ ತನ್ನನ್ನು ಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯ ಅಂತಲೂ ಘೋಷಿಸಿಕೊಂಡಿತು. ಒಳ್ಳೆಯದೇ. ನಮ್ಮ ಹೆಂಗಸರಿಗೆ ಫೋನ್ ಬಳಸಲು ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಳಸಲು ಬರುವುದು ಬೇರೆ, ಹಿಡಿತ ಕೈಯಲ್ಲಿರುವುದು ಬೇರೆ. ತುಳುನಾಡಿಗೆ ಇದು ಹೊಸ ಸಂಗತಿಯೂ ಅಲ್ಲ. ಅಳಿಯಕಟ್ಟಿನ ಮನೆಗಳಲ್ಲಿ ಆಸ್ತಿ ಹೆಣ್ಣಿನ ಸಂತಾನದಲ್ಲೇ ಇಳಿಯುತ್ತಿತ್ತು. ಭತ್ತ ತುಂಬಿಡುವ ಪತ್ತಾಯದ ಬೀಗದ ಕೈ ಮಾತ್ರ ಹೆಚ್ಚಾಗಿ ಸೋದರಮಾವನ ಸೊಂಟದಲ್ಲಿ. ಕೇರಳದಲ್ಲಿ ಆ ಕೂಡುಕುಟುಂಬದ ಏರ್ಪಾಡು 1975ರ ಕಾನೂನಿನಿಂದ ಮುಗಿಯಿತು. ಈಗಿನ ಬೀಗದ ಕೈ ಓಟಿಪಿ.

ಹಾಗಾಗಿ ನಿಮ್ಮ ಕಾರ್ಯಕ್ರಮದ ಮೊದಲ ಕೆಲಸ ಇದೇ ಆಗಲಿ. ಬಂದ ಪ್ರತಿಯೊಬ್ಬರೂ ತಮ್ಮ ಆಧಾರ್, ಬ್ಯಾಂಕ್ ಖಾತೆ, ಇಮೇಲ್ ಮೂರಕ್ಕೂ ಯಾರ ನಂಬರ್ ಇದೆ ಅಂತ ನೋಡಿಕೊಳ್ಳಲಿ. ಆಧಾರ್‌ನಲ್ಲಿ ಮೊಬೈಲ್ ನಂಬರ್ ಬದಲಿಸಲು ಯಾವ ದಾಖಲೆಯೂ ಬೇಡ. ಆಧಾರ್ ಸೇವೆ ಇರುವ ಅಕ್ಷಯ ಕೇಂದ್ರಕ್ಕೆ (ಕೇರಳ ಸರ್ಕಾರದ ಆನ್‌ಲೈನ್ ಸೇವೆಗಳ ಕೇಂದ್ರ) ಹೋಗಿ ಬೆರಳಚ್ಚು ಕೊಟ್ಟರೆ ಆಯಿತು. ಅದು ಆದಮೇಲೆ ಬ್ಯಾಂಕ್. ಇಮೇಲ್ ಮನೆಯಲ್ಲೇ ಕೂತು ಸರಿಮಾಡಬಹುದು. ಪಾಸ್‌ವರ್ಡ್ ಮರೆತರೆ ಯಾವ ನಂಬರಿಗೆ ಕೋಡ್ ಬರುತ್ತದೆ ಎನ್ನುವುದನ್ನೂ ನೋಡಲೇಬೇಕು. ಎಷ್ಟೋ ಹುಡುಗಿಯರ ಮೇಲ್ ಐಡಿಯನ್ನು ಪ್ಲಸ್ ಟು ಅರ್ಜಿ ಹಾಕುವಾಗ ಅಂಗಡಿಯವರೇ ಮಾಡಿಕೊಟ್ಟಿರುತ್ತಾರೆ. ಪಾಸ್‌ವರ್ಡ್ ಈಗಲೂ ಅಂಗಡಿಯವರ ನೋಟ್‌ಬುಕ್ಕಲ್ಲೇ ಇರುತ್ತದೆ. ಕೆಲಸದ ಆಫರ್ ಬರುವುದು ಅದೇ ಮೇಲ್‌ಗೆ.

ಈಗ ಓದುತ್ತಿರುವವರ ಮಾತಿಗೆ ಬರುತ್ತೇನೆ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ಇರುವುದು ಹುಡುಗಿಯರಿಗೆ ಮಾತ್ರ. ಎಂಜಿನಿಯರಿಂಗ್ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದವರು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಹೋದವರು ಅರ್ಜಿ ಹಾಕಬಹುದು. ವರ್ಷಕ್ಕೆ 50,000 ರೂಪಾಯಿ. ಮನೆಯ ವರಮಾನ ವರ್ಷಕ್ಕೆ 8 ಲಕ್ಷ ದಾಟಿರಬಾರದು. ಒಂದೇ ಮನೆಯ ಇಬ್ಬರು ಹುಡುಗಿಯರವರೆಗೆ ಸಿಗುತ್ತದೆ. ದುಡ್ಡು ಬರುವುದು ಆಧಾರ್ ಜೋಡಿಸಿದ ಖಾತೆಗೆ. ಅಲ್ಲಿಗೆ ನೋಡಿ, ತಿರುಗಿ ಅದೇ ನಂಬರಿನ ಸಮಸ್ಯೆ.

ಕರ್ನಾಟಕಕ್ಕೆ ಹೋಗಿ ಓದುವ ಆಸೆ ಇದ್ದರೆ ಅಲ್ಲಿನ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಬೇರೆಯೇ ಅರ್ಹತೆ ಇದೆ, ಕಾಸರಗೋಡು ಅದರೊಳಗೆ ಬರುತ್ತದೆ. ಇದನ್ನು ಹತ್ತನೇ ಕ್ಲಾಸಿನಲ್ಲೇ ಹೇಳಬೇಕು. ಪ್ಲಸ್ ಟು ಮುಗಿದಮೇಲೆ ಗೊತ್ತಾದರೆ ಸರ್ಟಿಫಿಕೇಟಿಗೆ ಓಡಾಡುವಷ್ಟರಲ್ಲಿ ದಿನ ಮುಗಿದಿರುತ್ತದೆ. ಒಂದು ಸಣ್ಣ ತಮಾಷೆ ಮಾತ್ರ ತಲಪಾಡಿಯಲ್ಲಿ ಕಾದಿದೆ. ಗಡಿಯ ಆಚೆ ನಿಮ್ಮ ಮಗಳ ಕ್ಲಾಸ್‌ಮೇಟಿಗೆ 2023ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಫ್ರೀ. ನಿಮ್ಮ ಮಗಳ ಆಧಾರ್‌ನಲ್ಲಿ ಕೇರಳದ ವಿಳಾಸ, ಹಾಗಾಗಿ ಅವಳು ಟಿಕೆಟ್ ತೆಗೆಯಬೇಕು. ಕನ್ನಡ ಒಂದೇ, ಬಸ್ ಒಂದೇ!

ಊರಲ್ಲಿ ಹುಡುಗಿಯ ಓದನ್ನು ಹೆಚ್ಚಾಗಿ ತೀರ್ಮಾನ ಮಾಡುವುದು ಮಾರ್ಕಿಗಿಂತ ಜಾಸ್ತಿ ಕೊನೆಯ ಬಸ್ಸು. ಲ್ಯಾಬ್ ಐದಕ್ಕೆ ಮುಗಿದರೆ ಮನೆ ಮುಟ್ಟುವುದು ಎಷ್ಟು ಹೊತ್ತಿಗೆ? ಪ್ರಾಜೆಕ್ಟಿಗೆ ರಾತ್ರಿ ಉಳಿಯುವ ಹುಡುಗರ ಗುಂಪಿನಲ್ಲಿ ಅವಳಿರುವುದಿಲ್ಲ. ಅದಕ್ಕೆ ಹಾಸ್ಟೆಲ್ ಬೇಕಾಗುತ್ತದೆ. ಹಾಸ್ಟೆಲಿನಲ್ಲಿ ಏನಾಗುತ್ತದೆ ಎನ್ನುವುದಕ್ಕೆ ಕೇರಳದ್ದೇ ಒಂದು ಒಳ್ಳೆಯ ಕೇಸು ಇದೆ, ಇದನ್ನು ನಿಮ್ಮ ವೇದಿಕೆಯಲ್ಲಿ ಹೇಳಲೇಬೇಕು. ಕೋಯಿಕ್ಕೋಡ್ ಜಿಲ್ಲೆಯ ಒಂದು ಕಾಲೇಜಿನ ಹುಡುಗಿಯರ ಹಾಸ್ಟೆಲಿನಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಫೋನ್ ಮುಟ್ಟಬಾರದು ಎಂದು ನಿಯಮ ಇತ್ತು. ಬಿಎ ಓದುತ್ತಿದ್ದ ಫಹೀಮಾ ಶಿರಿನ್ ಒಪ್ಪಲಿಲ್ಲ. ಹಾಸ್ಟೆಲಿನಿಂದ ಹೊರಗೆ ಹಾಕಿದರು. ಅವಳು ಕೇರಳ ಹೈಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರ್ 19ಕ್ಕೆ ನ್ಯಾಯಮೂರ್ತಿ ಪಿ.ವಿ. ಆಶಾ ತೀರ್ಪು ಕೊಟ್ಟರು. ಇಂಟರ್ನೆಟ್ ಬಳಸುವುದು ಓದುವ ಹಕ್ಕಿನ ಭಾಗ, ಖಾಸಗಿತನದ ಹಕ್ಕಿನ ಭಾಗ, ಹುಡುಗಿಯನ್ನು ತಿರುಗಿ ಸೇರಿಸಿಕೊಳ್ಳಿ ಅಂತ. ಒಬ್ಬ ವಿದ್ಯಾರ್ಥಿನಿ ‘ಯಾಕೆ ಕೊಡಬಾರದು’ ಎಂದು ಕೇಳಿದ್ದರಿಂದ ಸಿಕ್ಕಿದ ತೀರ್ಪು ಇದು. ಇದನ್ನು ಸಂಭ್ರಮಿಸಬೇಕು, ಅಲ್ವಾ?

ಅದೇ ಸಾಲಿಗೆ ಸೇರಿಸಬಹುದಾದದ್ದು ಇನ್ನೊಂದು. 2023ರ ಜನವರಿಯಲ್ಲಿ ಕೇರಳ ಸರ್ಕಾರ ತನ್ನ ಎಲ್ಲ ವಿಶ್ವವಿದ್ಯಾಲಯಗಳಿಗೆ ಮುಟ್ಟಿನ ರಜೆ ತಂದಿತು. ಹುಡುಗಿಯರಿಗೆ ಪರೀಕ್ಷೆಗೆ ಕೂರಲು 75ರ ಬದಲು 73 ಶೇಕಡಾ ಹಾಜರಿ ಸಾಕು. 18 ದಾಟಿದ ವಿದ್ಯಾರ್ಥಿನಿಯರಿಗೆ 60 ದಿನದವರೆಗೆ ಹೆರಿಗೆ ರಜೆಯೂ ಇದೆ. ಓದುವಾಗಲೇ ಮದುವೆಯಾದ ಹುಡುಗಿಯರು ನಮ್ಮ ಕಡೆ ಇದ್ದಾರೆ. ಇದು ಗೊತ್ತಿಲ್ಲದೆ ಟಿಸಿ ತೆಗೆದುಕೊಂಡು ಹೋಗುವುದುಂಟು.

ಕನ್ನಡ ಮೀಡಿಯಂ ಹುಡುಗಿಯರ ಹೆದರಿಕೆಯ ಬಗ್ಗೆಯೂ ಒಂದು ಮಾತು. ಹತ್ತರವರೆಗೆ ಕನ್ನಡ, ಪ್ಲಸ್ ಟುನಲ್ಲಿ ದಿಢೀರ್ ಇಂಗ್ಲಿಷ್, ಸುತ್ತಲೂ ಮಲಯಾಳ. ಮೊದಲ ಸೆಮಿಸ್ಟರಿನಲ್ಲಿ ‘ನನಗೆ ಆಗುವುದಿಲ್ಲ’ ಅನ್ನಿಸುವುದು ಸಹಜ. ಆದರೆ ಅವರ ಹತ್ತಿರ ಒಂದು ಬಂಡವಾಳ ಇದೆ, ಅದು ಅವರಿಗೇ ಗೊತ್ತಿರುವುದಿಲ್ಲ. ಕೇರಳದ ಸರ್ಕಾರಿ, ಅನುದಾನಿತ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ. ಕಂಪ್ಯೂಟರ್ ಕಲಿಸುವ ಐಸಿಟಿ ಪುಸ್ತಕ ಕನ್ನಡದಲ್ಲೇ ಇದೆ, ಅದರಲ್ಲಿ ಹೈಸ್ಕೂಲಿಗೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬರುತ್ತದೆ. 2024ರಲ್ಲಿ ಏಳನೇ ತರಗತಿಯ ಪುಸ್ತಕಕ್ಕೆ ಎಐ ಪಾಠವೂ ಬಂತು. ಶಾಲೆಯ ಐಟಿ ಕ್ಲಬ್ಬಾದ ಲಿಟಲ್ ಕೈಟ್ಸ್‌ನಲ್ಲಿದ್ದ ಹುಡುಗಿ ಅನಿಮೇಷನ್ ಮಾಡಿರುತ್ತಾಳೆ. ದೊಡ್ಡ ಫೀಸು ಕೊಟ್ಟು ಓದಿದ ಎಷ್ಟೋ ಮಕ್ಕಳು ಲಿನಕ್ಸ್ ಮುಖ ನೋಡುವುದು ಕಾಲೇಜಿಗೆ ಬಂದಮೇಲೆ. ಸರ್ವರ್ ಕೆಲಸ ಹೆಚ್ಚಾಗಿ ನಡೆಯುವುದು ಅದರ ಮೇಲೆ. ಇಂಟರ್ವ್ಯೂನಲ್ಲಿ ಇದನ್ನು ಹೇಳಲು ನಮ್ಮ ಹುಡುಗಿಯರು ನಾಚಿಕೊಳ್ಳುತ್ತಾರೆ, ‘ಅದು ಸುಮ್ನೆ ಶಾಲೆಯಲ್ಲಿ ಮಾಡಿದ್ದು’ ಅಂತ. ಅದನ್ನು ಬಿಡಿಸಿ.

ಈಗ ಕೆಲಸ. ಹೊರಗೆ ಬೀಳುವುದು ಜಾಸ್ತಿ ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನೇಮಕ ಪತ್ರವನ್ನು ಯಾರೂ ಓದುವುದಿಲ್ಲ. ಸಂಬಳದ ಸಾಲು ನೋಡಿ, ಸಹಿ ಹಾಕಿ, ಫೋಟೋ ತೆಗೆದು ಮನೆಯ ಗ್ರೂಪಿಗೆ ಹಾಕುತ್ತಾರೆ. ಎರಡನೇ ಪುಟದಲ್ಲಿ ಬಾಂಡ್ ಇರುತ್ತದೆ, ನೋಟಿಸ್ ಅವಧಿ ಇರುತ್ತದೆ, ಯಾವ ಊರಿಗೆ ಬೇಕಾದರೂ ವರ್ಗ ಮಾಡಬಹುದು ಎಂದಿರುತ್ತದೆ. ಕೆಲವು ಕಡೆ ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳುತ್ತೇವೆ ಅನ್ನುತ್ತಾರೆ. ಕೊಡಬೇಡಿ. ಪ್ರತಿ ಕೊಡಿ, ಒರಿಜಿನಲ್ ತೋರಿಸಿ ವಾಪಸ್ ತನ್ನಿ. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಅವುಗಳ ಪ್ರಕಾರ ನೇಮಕ ಪತ್ರ ಕೊಡುವುದು ಕಡ್ಡಾಯ. ಹೆಂಗಸರನ್ನು ರಾತ್ರಿ ಪಾಳಿಗೆ ಹಾಕಬೇಕಾದರೆ ಅವರ ಒಪ್ಪಿಗೆ ಬೇಕು, ಸುರಕ್ಷತೆಯ ವ್ಯವಸ್ಥೆಯೂ ಬೇಕು. ಒಂದೇ ತರದ ಕೆಲಸಕ್ಕೆ ಗಂಡಿಗೊಂದು ಹೆಣ್ಣಿಗೊಂದು ಸಂಬಳ ಕೊಡುವಂತಿಲ್ಲ, ಕೆಲಸಕ್ಕೆ ತೆಗೆದುಕೊಳ್ಳುವಾಗಲೂ ಭೇದ ಮಾಡುವಂತಿಲ್ಲ. ಇದು 1976ರ ಸಮಾನ ವೇತನ ಕಾಯ್ದೆಯಲ್ಲೇ ಇದ್ದ ಮಾತು, ಈಗ ವೇತನ ಸಂಹಿತೆಯೊಳಗೆ ಬಂದಿದೆ.

ಹೆರಿಗೆ ರಜೆಯ ಲೆಕ್ಕ ಎಲ್ಲರಿಗೂ ಬಾಯಿಪಾಠ ಬರಬೇಕು. ಹತ್ತು ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಇದು ಅನ್ವಯಿಸುತ್ತದೆ. ಹೆರಿಗೆಯ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. 2017ರ ತಿದ್ದುಪಡಿ ಬಂದಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ, ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. 50 ಅಥವಾ ಜಾಸ್ತಿ ಜನರಿರುವ ಕಂಪನಿಯಾದರೆ ಮಗುವನ್ನು ಬಿಡುವ ಕ್ರೆಶ್ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು. ಸಂಬಳ 21,000 ರೂಪಾಯಿಯ ಒಳಗಿದ್ದು ಇಎಸ್‌ಐ ಎಂಬ ನೌಕರರ ಸರ್ಕಾರಿ ವಿಮೆ ಇದ್ದವರಿಗೆ ದುಡ್ಡು ಇಎಸ್‌ಐಯಿಂದ ಬರುತ್ತದೆ. ಈ ಸೌಲಭ್ಯಗಳನ್ನೆಲ್ಲ ಕೆಲಸಕ್ಕೆ ಸೇರುವಾಗಲೇ ಬರೆದು ತಿಳಿಸಬೇಕು ಎಂದೂ ಆ ತಿದ್ದುಪಡಿಯಲ್ಲಿತ್ತು.

ಈ ಕಾನೂನಿನ ಬಗ್ಗೆ ನನ್ನದೊಂದು ಅಸಮಾಧಾನ ಇದೆ. ಇಎಸ್‌ಐ ಇಲ್ಲದ ಕಡೆ 26 ವಾರದ ಸಂಬಳ ಪೂರ್ತಿ ಕಂಪನಿಯ ತಲೆಗೆ. ಸಣ್ಣ ಕಂಪನಿಯವರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಹೊಸದಾಗಿ ಮದುವೆಯಾದ ಹುಡುಗಿಯ ರೆಸ್ಯೂಮೆ ಕೆಳಗೆ ಹೋಗುತ್ತದೆ. ಇತ್ತ ಗಂಡಸರಿಗೆ ಖಾಸಗಿ ಕಂಪನಿಯಲ್ಲಿ ಅಪ್ಪನ ರಜೆ ಎನ್ನುವ ಕಾನೂನೇ ಇಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಇದೆ, ಅಷ್ಟೇ. ಮಗು ಹುಟ್ಟಿದರೆ ರಜೆ ಹೋಗುವವಳು ತಾಯಿ ಮಾತ್ರ ಎಂದಾದಾಗ ಕಂಪನಿ ಹಿಂದೇಟು ಹಾಕುವುದೂ ಅವಳಿಗೇ. ಭಾಷಣ ಮಾಡಲು ಬಂದ ಜನಪ್ರತಿನಿಧಿಗಳ ಹತ್ತಿರ ಇದನ್ನು ಕೇಳಿ, ಉತ್ತರ ಏನು ಬರುತ್ತದೆ ನೋಡೋಣ.

ಇನ್ನು ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿಷಯ. ಭಂವರಿ ದೇವಿ ಎಂಬ ರಾಜಸ್ಥಾನದ ಹಳ್ಳಿಯ ಕಾರ್ಯಕರ್ತೆಯ ಮೇಲಾದ ಅನ್ಯಾಯದಿಂದ ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು ಬಂತು, ಅದರಿಂದ ಇಂಥ ಕಿರುಕುಳ ತಡೆಯುವ 2013ರ ಕಾನೂನು ಬಂತು. ಹತ್ತು ಜನ ಇರುವ ಎಲ್ಲ ಕಡೆ ಆಂತರಿಕ ಸಮಿತಿ ಇರಬೇಕು. ಹಿರಿಯ ಹುದ್ದೆಯ ಹೆಂಗಸೇ ಅದರ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು, ಒಬ್ಬರು ಹೊರಗಿನವರು. ದೂರನ್ನು ಮೂರು ತಿಂಗಳೊಳಗೆ ಬರೆದು ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಟ್ರೇನಿ, ಇಂಟರ್ನ್ ಹುಡುಗಿಯರಿಗೂ ಇದು ಅನ್ವಯ. ‘ನಾನಿನ್ನೂ ಪರ್ಮನೆಂಟ್ ಆಗಿಲ್ಲ’ ಅಂತ ಸುಮ್ಮನಿರಬೇಕಾಗಿಲ್ಲ.

ಒಂದು ಆಫೀಸಿನಲ್ಲಿ ಸಮಿತಿಯ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರು. ಓದಿದರೆ, ಅದರಲ್ಲಿದ್ದ ಇಬ್ಬರು ಕಂಪನಿ ಬಿಟ್ಟು ಯಾವುದೋ ಕಾಲವಾಗಿತ್ತು. ಮೂರನೆಯವರಿಗೆ ತಾನು ಸಮಿತಿಯಲ್ಲಿದ್ದೇನೆ ಎನ್ನುವುದೇ ಗೊತ್ತಿರಲಿಲ್ಲ. ಹಾಗಾಗಿ ಸೇರಿದ ವಾರದಲ್ಲೇ ಪಟ್ಟಿ ಓದಿ, ಹೊರಗಿನ ಸದಸ್ಯರ ನಂಬರ್ ಬರೆದಿಟ್ಟುಕೊಳ್ಳಿ. ಮನೆಯಿಂದ ಕೆಲಸ ಶುರುವಾದಮೇಲೆ ಕಿರುಕುಳದ ರೂಪವೂ ಬದಲಾಗಿದೆ. ರಾತ್ರಿ ಹನ್ನೊಂದಕ್ಕೆ ‘ಇನ್ನೂ ಮಲಗಿಲ್ವಾ’ ಎನ್ನುವ ಮೆಸೇಜು ಬರುತ್ತದೆ, ಬೆಳಿಗ್ಗೆ ಅಳಿಸಿಹೋಗಿರುತ್ತದೆ. ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದಿಡಬೇಕು, ತಾರೀಕು ಕಾಣುವ ಹಾಗೆ.

ನಮ್ಮ ಪೇಟೆಗಳಲ್ಲಿ ಕಂಪ್ಯೂಟರ್ ಸೆಂಟರ್, ಡಿಟಿಪಿ ಅಂಗಡಿ, ಬಿಲ್ಲಿಂಗ್ ಕೌಂಟರ್ ಅಂತ ಇಬ್ಬರು ಮೂವರು ಹುಡುಗಿಯರಿರುವ ಜಾಗಗಳೇ ಜಾಸ್ತಿ. ಅಲ್ಲಿ ಸಮಿತಿ ಎಲ್ಲಿ ಎಂದು ಕೇಳಬಹುದು. ಹತ್ತಕ್ಕಿಂತ ಕಮ್ಮಿ ಜನ ಇದ್ದರೆ, ಅಥವಾ ದೂರು ಮಾಲೀಕನ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಮಲಯಾಳದಲ್ಲೇ ಬರೆಯಬೇಕು ಎಂದು ಹೆದರಬೇಡಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಸರ್ಕಾರದ ಅಧಿಕಾರಿಗೆ ಅಹವಾಲು ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಕನ್ನಡದಲ್ಲಿ ಬರೆಯಿರಿ. ವಕೀಲರ ಖರ್ಚಿನ ಚಿಂತೆಯೂ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ, ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಫೋಟೋ ತಿದ್ದಿ ಹೆದರಿಸುವವರಿದ್ದರೆ ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಆನ್‌ಲೈನ್ ಮೋಸದಲ್ಲಿ ದುಡ್ಡು ಹೋದರೆ 1930ಕ್ಕೆ ಫೋನ್ ಮಾಡಿ. ಬೇರೆ ಯಾವ ಕಷ್ಟಕ್ಕೂ ಹೆಂಗಸರಿಗೆ 181.

ಮನೆಯಲ್ಲಿ ಕೂತವರು ತಿರುಗಿ ಹೋಗಬಹುದೇ? ಹೋಗಬಹುದು. ಎ. ಲಲಿತಾ ಎಂಬವರ ಹೆಸರನ್ನು ನಿಮ್ಮ ಹುಡುಗಿಯರಿಗೆ ಹೇಳಿ. 15ಕ್ಕೆ ಮದುವೆ, 18ಕ್ಕೆ ವಿಧವೆ, ಕೈಯಲ್ಲಿ ಹಸುಗೂಸು. ಡಾಕ್ಟರ್ ಆದರೆ ಹೊತ್ತುಗೊತ್ತಿಲ್ಲದೆ ಮಗುವನ್ನು ಬಿಟ್ಟು ಓಡಬೇಕಾಗುತ್ತದೆ ಅಂತ ಎಂಜಿನಿಯರಿಂಗ್ ತೆಗೆದರು. ಮದರಾಸಿನ ಗಿಂಡಿ ಕಾಲೇಜಿನಲ್ಲಿ ಅವರ ಅಪ್ಪನೇ ಪ್ರೊಫೆಸರ್, ಅವರೇ ಅನುಮತಿ ಕೇಳಿ ಸೇರಿಸಿದರು. 1943ರಲ್ಲಿ ಎಲೆಕ್ಟ್ರಿಕಲ್ ಮುಗಿಸಿ ದೇಶದ ಮೊದಲ ಮಹಿಳಾ ಎಂಜಿನಿಯರುಗಳಲ್ಲಿ ಒಬ್ಬರಾದರು. ಭಾಕ್ರಾ ನಂಗಲ್ ಅಣೆಕಟ್ಟಿನ ವಿದ್ಯುತ್ ಕೆಲಸದಲ್ಲಿ ಅವರ ಕೈ ಇದೆ. ಅದೇ ಕಾಲೇಜಿನ ಪಿ.ಕೆ. ತ್ರೇಸಿಯಾ ಆಮೇಲೆ ಕೇರಳ ಲೋಕೋಪಯೋಗಿ ಇಲಾಖೆಯ ಚೀಫ್ ಎಂಜಿನಿಯರ್ ಆದರು.

ಇವರಿಗೆ ಸಿಗದೇ ಇದ್ದ ಒಂದು ಅನುಕೂಲ ನಮಗಿದೆ. ಮನೆಯಲ್ಲೇ ಕೂತು ಮಾಡಿದ ಕೆಲಸವನ್ನು ಜಗತ್ತಿಗೆ ತೋರಿಸಬಹುದು. ಎರಡು ಮೂರು ವರ್ಷ ಬಿಟ್ಟವರು ಮತ್ತೊಂದು ಸರ್ಟಿಫಿಕೇಟ್ ಕೋರ್ಸಿಗೆ ದುಡ್ಡು ಸುರಿಯುವ ಮೊದಲು ಯಾವುದಾದರೂ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಲು ಕೈ ಜೋಡಿಸಬಹುದಾದ) ಪ್ರಾಜೆಕ್ಟಿಗೆ ಕೈ ಹಾಕಲಿ. ಬಗ್ ಸರಿಮಾಡಲಿ, ಕನ್ನಡ ಅನುವಾದ ತಿದ್ದಲಿ. ಅದು ಅವರ ಹೆಸರಲ್ಲೇ ಉಳಿಯುತ್ತದೆ, ಇಂಟರ್ವ್ಯೂ ಮಾಡುವವರು ತೆರೆದು ನೋಡುತ್ತಾರೆ. ಔಟ್‌ರೀಚಿ ಎಂಬ ಇಂಟರ್ನ್‌ಶಿಪ್ ಇದೆ. 2006ರಲ್ಲಿ ಗ್ನೋಮ್ ಎಂಬ ಲಿನಕ್ಸ್ ಯೋಜನೆಯವರು ಹೆಂಗಸರನ್ನು ಸೇರಿಸಿಕೊಳ್ಳಲು ಶುರು ಮಾಡಿದ್ದು, ಈಗ ದೊಡ್ಡದಾಗಿದೆ. ಪೂರ್ತಿ ಮನೆಯಿಂದಲೇ ಕೆಲಸ, 7,000 ಡಾಲರ್ ಸ್ಟೈಪೆಂಡ್. ಪೈಪೋಟಿ ಜೋರಿದೆ, ಇಂಗ್ಲಿಷಿನಲ್ಲಿ ಬರೆಯಬೇಕು. ಆದರೆ ನೀರ್ಚಾಲಿನಲ್ಲಿ ಕೂತರೂ ಅರ್ಜಿ ಹಾಕಬಹುದು.

ಇನ್ನು ವೇದಿಕೆ. ಮುಖ್ಯ ಅತಿಥಿಗಾಗಿ ಬೆಂಗಳೂರಿನಿಂದ ದೊಡ್ಡ ಹುದ್ದೆಯವರನ್ನು ಹುಡುಕುತ್ತಾ ಕೂರಬೇಡಿ. ನಿಮ್ಮ ಊರಿನ ಹರಿತ ಕರ್ಮ ಸೇನೆಯ ಅಕ್ಕಂದಿರನ್ನು ಕೂರಿಸಿ. ಅವರು ಮನೆ ಮನೆಗೆ ಹೋಗಿ ಗೋಡೆಯ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ, ಪ್ಲಾಸ್ಟಿಕ್ ತೆಗೆದುಕೊಂಡು, ಹರಿತ ಮಿತ್ರಂ ಆ್ಯಪ್‌ನಲ್ಲಿ ದಾಖಲಿಸುತ್ತಾರೆ. ಅಂಗನವಾಡಿ ಟೀಚರು 2021ರಿಂದ ಮಕ್ಕಳ ತೂಕ, ಎತ್ತರ ಎಲ್ಲವನ್ನೂ ಪೋಷಣ್ ಟ್ರ್ಯಾಕರಿಗೆ ಹಾಕುತ್ತಿದ್ದಾರೆ. ನೆಟ್‌ವರ್ಕ್ ಇಲ್ಲದ ಗುಡ್ಡದ ಮೇಲೆ ಆ್ಯಪ್ ತಿರುಗುತ್ತಾ ನಿಂತರೆ ಏನು ಮಾಡಬೇಕು ಎಂದು ಅವರಿಗೆ ಗೊತ್ತು, ಆ್ಯಪ್ ಬರೆದವರಿಗೆ ಗೊತ್ತಿಲ್ಲ. ಅವರ ಕಷ್ಟವನ್ನು ಕಂಪ್ಯೂಟರ್ ಓದುವ ಹುಡುಗಿಯರ ಮುಂದೆ ಹೇಳಿಸಿ. ಒಳ್ಳೆಯ ಪ್ರಾಜೆಕ್ಟ್ ಅಲ್ಲಿಂದಲೇ ಹುಟ್ಟೀತು. 1946ರಲ್ಲಿ ಎನಿಯಾಕ್ ಎಂಬ ಕಂಪ್ಯೂಟರನ್ನು ಜನರಿಗೆ ತೋರಿಸಿದಾಗ ಅದಕ್ಕೆ ಪ್ರೋಗ್ರಾಂ ಮಾಡಿದ್ದ ಆರು ಹೆಂಗಸರನ್ನು ಯಾರೂ ಪರಿಚಯ ಮಾಡಿಸಲಿಲ್ಲ, ಅವತ್ತಿನ ಊಟಕ್ಕೂ ಕರೆಯಲಿಲ್ಲ. ನೀವು ಊಟಕ್ಕಾದರೂ ಕರೆಯಿರಿ.

ಹೆಂಗಸರು ಹೋರಾಡಿ ಪಡೆದದ್ದನ್ನೂ ಒಂದು ಬೋರ್ಡಿನಲ್ಲಿ ಬರೆದು ಹಾಕಿ. ಫಹೀಮಾಳ ತೀರ್ಪು ಒಂದು. ಬಟ್ಟೆ ಅಂಗಡಿಯ ಸೇಲ್ಸ್ ಹೆಂಗಸರು ದನಿ ಎತ್ತಿದ್ದರಿಂದ 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಯನ್ನು ತಿದ್ದಿ ಕೆಲಸದ ನಡುವೆ ಕೂರುವ ಹಕ್ಕು ಕೊಟ್ಟಿತು, ಅದು ಇನ್ನೊಂದು. ಕೂರುವುದಕ್ಕೂ ಕಾನೂನು ಬೇಕಾಯಿತು!

ಭಾಷಣವನ್ನು ಅರ್ಧ ಗಂಟೆಗೆ ಮುಗಿಸಿ. ಮಿಕ್ಕ ಹೊತ್ತಲ್ಲಿ ಮೂರು ಮೇಜು ಹಾಕಿ. ಒಂದರಲ್ಲಿ ಫೋನ್ ನಂಬರ್, ಮೇಲ್ ಕೆಲಸ. ಎರಡನೆಯದರಲ್ಲಿ ನೇಮಕ ಪತ್ರ ತಂದವರಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳುವುದು. ಊರಲ್ಲಿ ಯಾರಾದರೂ ವಕೀಲೆ ಇದ್ದರೆ ಅವರನ್ನು ಅಲ್ಲಿ ಕೂರಿಸಿ. ಮೂರನೆಯದರಲ್ಲಿ ಸ್ಕಾಲರ್‌ಶಿಪ್, ಸಿಇಟಿ.

ಗಂಡಸರನ್ನು ಕರೆಯಲೇಬೇಕು. ಓಟಿಪಿ ಬರುವುದು ಅವರ ಫೋನಿಗಲ್ಲವೇ, ಅವರಿಲ್ಲದೆ ಮೊದಲ ಮೇಜಿನ ಕೆಲಸ ಸುಲಭವಾಗಿ ನಡೆಯುವುದಿಲ್ಲ. ಕೆಲವರಿಗೆ ಸಿಟ್ಟು ಬರಬಹುದು, ‘ನನ್ನ ಮೇಲೆ ನಂಬಿಕೆ ಇಲ್ವಾ’ ಅಂತ. ಅವರ ಖಾತೆ ಅವರಲ್ಲೇ ಇರುತ್ತದೆ, ಇವಳದ್ದು ಮಾತ್ರ ಇವಳಿಗೆ ಬರುತ್ತದೆ ಎಂದು ವಿವರಿಸಿ. ಗಲ್ಫಿನಲ್ಲಿರುವವರಿಗೆ ನಾಳೆ ಫೋನ್ ಕಳೆದುಹೋದರೆ ಮನೆಯ ಗತಿ ಏನು ಎಂದು ಕೇಳಿದರೆ ಬೇಗ ಒಪ್ಪುತ್ತಾರೆ. ಬಂದವರನ್ನು ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಲ್ಲಲು ಬಿಡಬೇಡಿ. ಮಕ್ಕಳನ್ನು ನೋಡಿಕೊಳ್ಳುವ ಕೋಣೆ, ಅಡಿಗೆ ಅವರಿಗೇ ವಹಿಸಿ. 2024ರಲ್ಲಿ ಬಂದ ಕೇರಳದ ಮೂರನೇ ತರಗತಿಯ ಪುಸ್ತಕದಲ್ಲಿ ಅಪ್ಪ ಕೂತು ತೆಂಗಿನಕಾಯಿ ತುರಿಯುವ ಚಿತ್ರ ಇದೆ. ಮಕ್ಕಳು ಅದನ್ನು ನೋಡಿಯಾಗಿದೆ, ಊರಿನ ಅಪ್ಪಂದಿರೂ ತುರಿಯಲಿ.

ಅಕ್ಷಯ ಕೇಂದ್ರದವರ ಹತ್ತಿರ ಈಗಲೇ ಮಾತಾಡಿ. ಬೆರಳಚ್ಚಿನ ಯಂತ್ರವನ್ನು ನಿಮ್ಮ ಸಭಾಂಗಣಕ್ಕೆ ತರಲು ಆಗುತ್ತದೋ, ನೀವೇ ಗುಂಪಾಗಿ ಅಲ್ಲಿಗೆ ಹೋಗಬೇಕೋ ಎಂದು ಕೇಳಿಕೊಳ್ಳಿ. ಮಾರ್ಚ್ 8 ಭಾನುವಾರವೋ ರಜಾದಿನವೋ ಆದರೆ ಈ ಒಂದು ಕೆಲಸವನ್ನು ಹಿಂದಿನ ದಿನವೇ ಇಟ್ಟುಕೊಳ್ಳಿ.